ಪದಚರ್ಚೆ: ಕನಸಿಗೆ ಎದುರು ಪದ ಯಾವುದು? ಜಾಗೃತಿ, ನನಸು, ಎಚ್ಚರ?

ಮಂಗಳೂರಿನಿಂದ ಪ್ರಶ್ನೆ:
ಸ್ವಲ್ಪ ಅರ್ಜೆಂಟ್ ಉಂಟು. ಕಾಲೇಜಿನಲ್ಲಿ ತತ್ವಶಾಸ್ತ್ರದ ಪ್ರದರ್ಶನ. ‘ಈಸ್ ವೇಕಿಂಗ್ ಲೈಫ್ ಎ ಡ್ರೀಮ್?’ ಎಂಬ ಬೋರ್ಡಿಗೆ ಕನ್ನಡ ಬೇಕು. ಕೆಳಗೆ 1641ರಲ್ಲಿ ಫ್ರೆಂಚ್ ತತ್ವಜ್ಞಾನಿ ದೆಕಾರ್ತ್ ಎತ್ತಿದ ಸಂಶಯ ಬರುತ್ತದೆ: ಬೆಂಕಿಯ ಪಕ್ಕ ಕೂತಿದ್ದೇನೆ ಅನಿಸುತ್ತಿದೆ, ಆದರೆ ಹಾಸಿಗೆಯಲ್ಲಿ ಮಲಗಿದ್ದಾಗಲೂ ಹೀಗೇ ಅನಿಸಿತ್ತಲ್ಲ? ನಾನು ‘ಜಾಗೃತ ಜೀವನ ಕನಸೇ?’ ಎಂದು ಬರೆದೆ. ಕರೆಂಟು ಕಳ್ಳರನ್ನು ಹಿಡಿಯುವ ಜಾಗೃತ ದಳದ ಬೋರ್ಡಾ ಎಂದು ಪಕ್ಕದ ಮೇಜಿನವರು ಕೇಳಿದರು. ‘ಎಚ್ಚರದ ಬದುಕು’ ಅಂದರೆ ಹುಷಾರಾಗಿ ಬಾಳುವುದು ಅಂತಾಗುತ್ತದೆ. ಹಂಪನಕಟ್ಟೆಯ ಫ್ಲೆಕ್ಸ್ ಅಂಗಡಿಯವರಿಗೆ ಸಂಜೆಯೊಳಗೆ ಮ್ಯಾಟರ್ ಕೊಡಬೇಕು.

ಉಡುಪಿಯಿಂದ:
ಮೊದಲು ‘ಜಾಗೃತ’ ಬಿಡಿ, ಸಂಸ್ಕೃತದಲ್ಲಿ ಆ ರೂಪವೇ ಇಲ್ಲ. ‘ಜಾಗರಿತ’ ಅಥವಾ ‘ಜಾಗ್ರತ್’. ಮಾಂಡೂಕ್ಯ ಉಪನಿಷತ್ತಿನಲ್ಲಿ ‘ಜಾಗರಿತಸ್ಥಾನ’ ಎಂದೇ ಇದೆ. ‘ಜಾಗ್ರದವಸ್ಥೆಯೂ ಸ್ವಪ್ನವೇ?’ ಎಂದು ಹಾಕಿ. ಮುಗಿಯಿತು.

ಸುರತ್ಕಲ್‌ನಿಂದ:
ಜಾಗ್ರದವಸ್ಥೆ! ಓದುವ ಮಕ್ಕಳು ಬೋರ್ಡಿನ ಬುಡದಲ್ಲೇ ನಿದ್ದೆ ಹೋಗುತ್ತಾರೆ. ಎಲ್ಲದಕ್ಕೂ ಸಂಸ್ಕೃತದ ಬಾಗಿಲು ಬಡಿಯುವುದು ಯಾಕೆ? ‘ಕಾಣ್’ನಿಂದ ಬಂದದ್ದು ಕನಸು. ಕಂಡದ್ದೇ ಕನಸು. ಹಾಗೇ ಎದುರು ಪದವನ್ನೂ ನಾವೇ ಕಟ್ಟೋಣ. ‘ಕಾಣ್ಕೆ’ ಆಗಬಹುದಲ್ವಾ?

ಪುತ್ತೂರಿನಿಂದ:
> ಕಂಡದ್ದೇ ಕನಸು
ಪ್ರಾಸ ಚೆನ್ನಾಗಿದೆ, ವ್ಯುತ್ಪತ್ತಿ ಅಲ್ಲ. ಕಣ್ಣು, ಕಾಣು ಎರಡರಲ್ಲೂ ಣಕಾರ. ಕನಸಿನಲ್ಲಿ ನಕಾರ. ತಮಿಳಿನಲ್ಲೂ ಕಣ್, ಕಾಣ್ ಒಂದು ಕಡೆ, ಕನವು ಇನ್ನೊಂದು ಕಡೆ. ಆ ಣ ಎಲ್ಲಿ ಹೋಯಿತು ಎಂದು ಹೇಳಿ, ಆಮೇಲೆ ಹೊಸ ಪದ ಕಟ್ಟಿ.

ಕಟ್ಟುವ ಅಗತ್ಯವೂ ಇಲ್ಲ. ಪದ ಮನೆಯಲ್ಲೇ ಇದೆ: ನನಸು. ಅಪಾರ್ಟ್‌ಮೆಂಟ್ ಮಾರುವವರ ‘ನಿಮ್ಮ ಕನಸು ನನಸು’ ಜಾಹೀರಾತು ನೋಡಿ ನೋಡಿ, ಅದು ಸುಮ್ನೆ ಪ್ರಾಸಕ್ಕೆ ಹುಟ್ಟಿದ್ದು ಅಂತ ಜನ ತಿಳಿದಿದ್ದಾರೆ. ತಮಿಳಿನಲ್ಲಿ ಇದರ ಒಡಹುಟ್ಟು ‘ನನವು’. ಎಚ್ಚರವಾಗಿರುವ ಹೊತ್ತು ಎಂದೇ ಅರ್ಥ. ತಿರುಕ್ಕುರಳಿನಲ್ಲಿ ಒಬ್ಬಳು, ನನವಿನಲ್ಲಿ ಒಲಿಯದವನನ್ನು ಕನವಿನಲ್ಲಾದರೂ ಕಾಣುತ್ತೇನೆ, ಅದಕ್ಕೇ ಜೀವ ಉಳಿದಿದೆ ಎನ್ನುತ್ತಾಳೆ. ‘ನನಸೂ ಕನಸೇ?’ ಎಂದು ಹಾಕಿ. ಎರಡೇ ಪದ, ಫ್ಲೆಕ್ಸ್‌ಗೂ ಖರ್ಚು ಕಡಿಮೆ.

ಮಣಿಪಾಲದಿಂದ:
ನನಸಿನ ಬೇರು ಸರಿ. ಈ ಬೋರ್ಡಿಗೆ ಆಗುವುದಿಲ್ಲ. ಇವತ್ತಿನ ಕನ್ನಡದಲ್ಲಿ ನನಸು ಅಂದರೆ ‘ನಿಜವಾದದ್ದು’. ನಿಜವೋ ಅಲ್ಲವೋ ಎಂಬುದೇ ಪ್ರಶ್ನೆ. ಪದದೊಳಗೇ ಉತ್ತರ ಇಟ್ಟು ಎಂತದು ಕೇಳುವುದು?

ಉಡುಪಿಯ ಪಕ್ಕದಲ್ಲೇ ಇದ್ದು ಇದನ್ನು ಮರೆಯಬಾರದು. ಕನಸೂ ಸುಳ್ಳಲ್ಲ ಎನ್ನುತ್ತಾರೆ ಮಧ್ವರು. ಮನಸ್ಸಿನಲ್ಲಿ ಉಳಿದ ವಾಸನೆಗಳಿಂದ, ಅಂದರೆ ಹಿಂದಿನ ಅನುಭವಗಳ ಅಚ್ಚಿನಿಂದ, ದೇವರು ಅದನ್ನು ಮಾಡುತ್ತಾನೆ. ಅದನ್ನು ಹೊರಗಿನ ವಸ್ತು ಅಂತ ತಿಳಿಯುವುದಷ್ಟೇ ಭ್ರಮೆ. ಅದ್ವೈತದ ಗೌಡಪಾದರು ಕನಸು, ಎಚ್ಚರ ಎರಡನ್ನೂ ಒಂದೇ ತಕ್ಕಡಿಗೆ ಹಾಕುತ್ತಾರೆ. ಶಂಕರರು ಬ್ರಹ್ಮಸೂತ್ರಭಾಷ್ಯದಲ್ಲಿ, ಕಾಣುವುದೆಲ್ಲ ಮನಸ್ಸಿನದೇ ಎನ್ನುವ ಬೌದ್ಧ ವಿಜ್ಞಾನವಾದಿಗಳಿಗೆ ಉತ್ತರಿಸುವಾಗ, ಎಚ್ಚರ ಕನಸಿನ ಹಾಗಲ್ಲ, ಕನಸು ಎದ್ದ ಮೇಲೆ ಬಾಧಿತವಾಗುತ್ತದೆ, ಅಂದರೆ ಸುಳ್ಳೆಂದು ತಿಳಿಯುತ್ತದೆ ಎನ್ನುತ್ತಾರೆ. ಈ ಮೂವರಿಗೂ ಜಗಳ ಆಡಲು ಜಾಗ ಬಿಡುವ ಪದ ಬೇಕು. ‘ಎಚ್ಚರ’ ಬಿಡುತ್ತದೆ.

ಹುಷಾರು ಎಂಬ ಅರ್ಥ ಅಡ್ಡ ಬರುವುದು ‘ಎಚ್ಚರದ ಬದುಕು’ ಅಂದಾಗ ಮಾತ್ರ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಮೆಟ್ಟಿಲು ಇಳಿಯುವವನಿಗೆ ನಾವು ಹೇಳುವುದು ‘ಜಾಗ್ರತೆ ಮಾರಾಯ’. ಯಕ್ಷಗಾನದ ಆಟಕ್ಕೆ ಹೋದಾಗ ರಾತ್ರಿ ಎರಡು ಗಂಟೆಗೆ ಪಕ್ಕದವರು ಮೊಣಕೈಯಲ್ಲಿ ತಿವಿದು ಕೇಳುವುದು ‘ಎಚ್ಚರ ಉಂಟಾ?’. ‘ಬದುಕು’ ತೆಗೆದುಬಿಡಿ. ಇಂಗ್ಲಿಷಿನ ‘ಲೈಫ್’ ಅಲ್ಲಿಗೇ ಇರಲಿ.

ಸುರತ್ಕಲ್‌ನಿಂದ:
ಎಚ್ಚರಕ್ಕೆ ನನ್ನ ಒಪ್ಪಿಗೆ ಇದೆ. ಣಕಾರದ ವಿಷಯ ಒಪ್ಪಿಲ್ಲ. ಆದರೆ ಬೋರ್ಡ್, ಫ್ಲೆಕ್ಸ್, ಮ್ಯಾಟರ್, ಅರ್ಜೆಂಟ್... ಒಂದೇ ಪತ್ರದಲ್ಲಿ ಎಷ್ಟು ಸಾಲ! ಹಲಗೆ ಎನ್ನಲು ಏನು ಕಷ್ಟ?

ಉಡುಪಿಯಿಂದ:
‘ಪತ್ರ’ ಯಾವ ಭಾಷೆ ಸ್ವಾಮೀ?

ಮಂಗಳೂರಿನಿಂದ:
‘ಈಗ ನಿಮಗೆ ಎಚ್ಚರವಿದೆ ಎಂದು ಹೇಗೆ ಗೊತ್ತು?’ ಎಂದು ಕಳಿಸಿಬಿಟ್ಟೆ. ಮಣಿಪಾಲದವರಿಗೆ ಥ್ಯಾಂಕ್ಸ್. ಸುರತ್ಕಲ್‌ನವರೇ, ಹಲಗೆ ಅಂದರೆ ಫ್ಲೆಕ್ಸ್ ಅಂಗಡಿಯವರು ನನ್ನನ್ನು ಬಡಗಿಯ ಹತ್ತಿರ ಕಳಿಸುತ್ತಾರೆ.

ಸುರತ್ಕಲ್‌ನಿಂದ:
ಥ್ಯಾಂಕ್ಸ್ ಬೇರೆ!