ಪದಚರ್ಚೆ: ನಾಯಿ ‘ಅಂತಿಮ ಆತಿಥೇಯ’ ಅಂದರೆ ಕುರಿ ಕಾಯುವವರಿಗೆ ಏನು ತಿಳಿಯಬೇಕು?

ಎಲ್ಲರಿಗೂ ನಮಸ್ಕಾರ.

ಚಳ್ಳಕೆರೆ ಕಡೆಯ ಕುರಿಗಾಹಿಗಳಿಗಾಗಿ ನಾವು ಕೆಲವರು ಸೇರಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇವೆ. ಕುರಿಗೆ ಹುಳದ ಕಾಟ ಎಲ್ಲಿಂದ ಬರುತ್ತದೆ, ನಾಯಿಗೆ ಯಾಕೆ ಔಷಧಿ ಕೊಡಬೇಕು, ಇಷ್ಟೇ ವಿಷಯ. ಔಷಧಿಯ ಭಾಗ ಸಲೀಸಾಗಿ ಮುಗಿಯಿತು. ಪದಗಳ ಹತ್ತಿರ ಬಂದು ಕೆಲಸ ನಿಂತಿದೆ. ಅದರಲ್ಲೂ ಪಠ್ಯಪುಸ್ತಕದ ‘ಅಂತಿಮ ಆತಿಥೇಯ’ ಮತ್ತು ‘ಮಧ್ಯಂತರ ಆತಿಥೇಯ’ ಇವೆರಡು. ರೊಪ್ಪದ ಪಕ್ಕ ಕೂತು ಯಾರಾದರೂ ಓದಿ ಹೇಳಿದರೆ ಕೇಳಿದವರಿಗೆ ತಕ್ಷಣ ತಿಳಿಯುವಂಥ ಮಾತು ಬೇಕು.

ಮೊದಲು ವಿಷಯ ಹೇಳಿಬಿಡುತ್ತೇನೆ. ವಿಷಯ ಗೊತ್ತಿಲ್ಲದೆ ಪದ ಹುಡುಕಿದರೆ ಅದು ನಿಘಂಟಿಗಷ್ಟೇ ಸರಿ.

ಹಿಂಡಿನ ಒಂದು ಕುರಿ ತಲೆಯನ್ನು ಒಂದು ಕಡೆಗೆ ವಾಲಿಸಿಕೊಂಡು ಸುತ್ತು ಹಾಕಲು ಶುರು ಮಾಡುತ್ತದೆ. ಸಾಮಾನ್ಯವಾಗಿ ಒಂದೇ ದಿಕ್ಕಿಗೆ. ಬೇಲಿ ಅಡ್ಡ ಬಂದರೆ ಬೇಲಿಗೇ ಹಣೆ ಒತ್ತಿಕೊಂಡು ನಿಲ್ಲುತ್ತದೆ. ಕಣ್ಣು ಸರಿಯಾಗಿ ಕಾಣುವುದಿಲ್ಲ, ಹಿಂಡಿನಿಂದ ಹಿಂದೆ ಬೀಳುತ್ತದೆ. ಸತ್ತ ಮೇಲೆ ತಲೆ ಒಡೆದು ನೋಡಿದರೆ ಮಿದುಳಿನಲ್ಲಿ ತಿಳಿನೀರು ತುಂಬಿದ ಚೀಲ ಸಿಗುತ್ತದೆ. ಕೋಳಿಮೊಟ್ಟೆ ಗಾತ್ರದ್ದೂ ಇರುತ್ತದೆ. ಅದರ ಗೋಡೆ ಬಲು ತೆಳು. ಬೆಳಕಿಗೆ ಹಿಡಿದರೆ ಒಳಗೆ ಬಿಳಿ ಬಿಳಿ ಕಾಳುಗಳು ಗುಂಪುಗುಂಪಾಗಿ ಅಂಟಿಕೊಂಡಿರುವುದು ಕಾಣುತ್ತದೆ. ಒಂದೊಂದು ಕಾಳೂ ಒಂದು ಲಾಡಿಹುಳದ ತಲೆ. ಒಂದೇ ಚೀಲದಲ್ಲಿ ಇಂಥವು ನೂರಾರು.

ಹುಳದ ಹೆಸರು ಟೀನಿಯಾ ಮಲ್ಟಿಸೆಪ್ಸ್. ಬೆಳೆದ ಹುಳ ಇರುವುದು ಕುರಿಯಲ್ಲಿ ಅಲ್ಲ, ಕುರಿ ಕಾಯುವ ನಾಯಿಯ ಸಣ್ಣ ಕರುಳಿನಲ್ಲಿ. ಅಲ್ಲಿ ಅದು ಒಂದು ಮೀಟರ್‌ವರೆಗೂ ಉದ್ದ ಬೆಳೆಯಬಲ್ಲದು. ಅದರ ಮೊಟ್ಟೆ ನಾಯಿಯ ಮಲದ ಜೊತೆ ಹೊರಗೆ ಬೀಳುತ್ತದೆ, ಹುಲ್ಲಿನ ಜೊತೆ ಕುರಿಯ ಹೊಟ್ಟೆ ಸೇರುತ್ತದೆ. ಮರಿಹುಳ ಕರುಳನ್ನು ಕೊರೆದು, ರಕ್ತದ ದಾರಿ ಹಿಡಿದು, ಮಿದುಳಿಗೆ ಹೋಗಿ ಚೀಲ ಕಟ್ಟುತ್ತದೆ. ಚೀಲ ದೊಡ್ಡದಾಗಲು ತಿಂಗಳುಗಳೇ ಬೇಕು. ಕುರಿ ಸತ್ತಾಗ ಅದರ ತಲೆಯನ್ನು ನಾಯಿಗೆ ಎಸೆದರೆ ಹುಳದ ಕೆಲಸ ಆಯಿತು. ಇಷ್ಟಾದರೂ ನಾಯಿ ಮಾತ್ರ ಗಟ್ಟಿಮುಟ್ಟಾಗಿ ಓಡಾಡಿಕೊಂಡಿರುತ್ತದೆ.

ಈ ಹುಳ ತೋಳ, ನರಿಯ ಕರುಳಿನಲ್ಲೂ ಬೆಳೆಯುತ್ತದೆ. ಸುತ್ತು ಹಾಕುತ್ತಾ ಹಿಂದೆ ಬಿದ್ದ ಕುರಿ ತೋಳಕ್ಕೆ ಸುಲಭದ ತುತ್ತು, ಅಲ್ವಾ? ಅಂದರೆ ಕುರಿ ನರಳುವುದರಿಂದ ಹುಳಕ್ಕೆ ಲಾಭವೇ. ‘ಜಾಣ ಪರಾವಲಂಬಿ ತಾನಿರುವ ಜೀವಿಯನ್ನು ಕೊಲ್ಲುವುದಿಲ್ಲ’ ಅಂತ ಓದಿಕೊಂಡು ಬಂದಿದ್ದೇವಲ್ಲ, ಅದು ಅರ್ಧ ಮಾತು. ತಾನು ಬಲಿತು ಉಳಿಯಬೇಕಾದ ನಾಯಿಯನ್ನು ಈ ಹುಳ ಅಷ್ಟಾಗಿ ಕೆಡಿಸುವುದಿಲ್ಲ. ದಾಟಿ ಹೋಗಬೇಕಾದ ಕುರಿಯನ್ನು ಬಿಡುವುದಿಲ್ಲ.

ಈಗ ಪದಕ್ಕೆ ಬರೋಣ. ಜೀವಶಾಸ್ತ್ರದ ಲೆಕ್ಕ ಸರಳ. ಪರಾವಲಂಬಿ ಬಲಿತು, ಗಂಡು ಹೆಣ್ಣಿನ ಕಣಗಳು ಕೂಡಿ ಸಂತಾನ ಆಗುವುದು ಯಾವ ಜೀವಿಯಲ್ಲೋ ಅದು ‘ಅಂತಿಮ’. ಮರಿಯಾಗಿ ಇದ್ದು ಮುಂದಕ್ಕೆ ದಾಟುವುದು ಯಾವುದರಲ್ಲೋ ಅದು ‘ಮಧ್ಯಂತರ’. ಯಾರು ಜಾಸ್ತಿ ನರಳುತ್ತಾರೆ ಅನ್ನುವುದಕ್ಕೂ ಈ ಹೆಸರಿಗೂ ಸಂಬಂಧವೇ ಇಲ್ಲ. ಮಲೇರಿಯಾ ನೋಡಿ. ಗಂಡು ಹೆಣ್ಣಿನ ಕಣಗಳು ಕೂಡುವುದು ಅನಾಫಿಲಿಸ್ ಸೊಳ್ಳೆಯ ಹೊಟ್ಟೆಯಲ್ಲಿ. ಹಾಗಾಗಿ ಸೊಳ್ಳೆ ಅಂತಿಮ, ನಾವು ಬರೀ ಮಧ್ಯಂತರ. 1897ರಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಕಂಡದ್ದು ಈ ಕೂಡಿಕೆಯ ಮುಂದಿನ ಹಂತವನ್ನೇ. ಆದರೆ ‘ರೋಗವಾಹಕ’ ಎಂದು ಕರೆದು ಕರೆದು ನಾವು ಸೊಳ್ಳೆಯನ್ನು ಬಾಡಿಗೆ ಗಾಡಿಯ ಮಟ್ಟಕ್ಕೆ ಇಳಿಸಿದ್ದೇವೆ.

ತೊಂದರೆ ಏನೆಂದರೆ, ‘ಅಂತಿಮ’ ಅಂದ ತಕ್ಷಣ ನಮ್ಮ ಜನಕ್ಕೆ ನೆನಪಾಗುವುದು ಅಂತಿಮ ದರ್ಶನ, ಅಂತಿಮ ಯಾತ್ರೆ. ‘ಅಂತಿಮ ಆತಿಥೇಯ’ ಅಂತ ಬರೆದರೆ ಸತ್ತ ಕುರಿಯೇ ಅದು ಅಂತ ಓದುಗರು ತಿಳಿಯುತ್ತಾರೆ. ಪೂರಾ ಉಲ್ಟಾ. ‘ಮಧ್ಯಂತರ’ ಅಂದರೆ ಚುನಾವಣೆ ಅಥವಾ ಕೋರ್ಟಿನ ಆದೇಶ. ‘ಆತಿಥೇಯ’ ಅಂದರೆ ಕ್ರಿಕೆಟ್ಟು. ಅದೂ ಅಲ್ಲದೆ ಆತಿಥೇಯ ಅನ್ನುವುದು ಕರೆದು ಊಟ ಹಾಕಿದವರ ಹೆಸರು. ಈ ಹುಳವನ್ನು ಯಾರೂ ಕರೆದಿಲ್ಲ. ಬಂದದ್ದೂ ಉಂಡ ಮನೆಯ ಜಂತೆ ಎಣಿಸುವ ಗಿರಾಕಿ. ‘ಪೋಷಕ’ ಅನ್ನೋಣ ಅಂದರೆ ಶಾಲೆಯವರು ಆ ಪದವನ್ನು ತಂದೆ ತಾಯಿಗೆ ಕೊಟ್ಟುಬಿಟ್ಟಿದ್ದಾರೆ.

ನನಗೆ ಹಿಡಿಸಿರುವುದು ‘ನೆಲೆ’. ನಾಯಿಯನ್ನು ‘ಹುಳ ಬಲಿಯುವ ನೆಲೆ’, ಕುರಿಯನ್ನು ‘ದಾಟುನೆಲೆ’ ಅನ್ನಬಹುದೇ? ಮೊದಲನೆಯದನ್ನು ಚಿಕ್ಕದು ಮಾಡಿ ‘ಬಲಿನೆಲೆ’ ಅನ್ನೋಣ ಅಂತ ಒಬ್ಬರು ಹೇಳಿದರು. ಮಾರಮ್ಮನ ಜಾತ್ರೆಯ ಸೀಮೆಯಲ್ಲಿ, ಅದೂ ಕುರಿಯ ಪುಸ್ತಕದಲ್ಲಿ, ಆ ಪದ ಬೇಡವೇ ಬೇಡ. ‘ತಾಯಿನೆಲೆ’ ಕೇಳಲು ಚೆನ್ನಾಗಿದೆ, ಆದರೆ ಹುಟ್ಟಿದೂರು ಅನ್ನಿಸುತ್ತದೆ.

ಮನುಷ್ಯರಿಗೆ ಇನ್ನೊಂದು ಪದ ಬೇಕು. ನಾಯಿಯಲ್ಲಿ ಇನ್ನೊಂದು ಪುಟ್ಟ ಲಾಡಿಹುಳ ಇದೆ, ಎಕಿನೊಕಾಕಸ್ ಗ್ರಾನುಲೋಸಸ್. ಬೆಳೆದರೂ ಕೆಲವೇ ಮಿಲಿಮೀಟರ್. ಇದರ ಚೀಲ ಕುರಿಯ ಲಿವರ್, ಶ್ವಾಸಕೋಶಗಳಲ್ಲಿ ಬೆಳೆಯುತ್ತದೆ. ನಾಯಿ ಮುಟ್ಟಿದ ಕೈ ತೊಳೆಯದೆ ಉಂಡರೆ ನಮ್ಮ ಒಳಗೂ ಬೆಳೆಯಬಹುದು. ನಮ್ಮ ಲಿವರನ್ನು ಯಾರೂ ನಾಯಿಗೆ ಹಾಕುವುದಿಲ್ಲವಾದ್ದರಿಂದ ಹುಳಕ್ಕೆ ಅಲ್ಲಿಗೆ ದಾರಿ ಮುಗಿಯಿತು. ಇದಕ್ಕೆ ‘ಕುರುಡುನೆಲೆ’ ಅಂತ ಸದ್ಯಕ್ಕೆ ಬರೆದಿದ್ದೇನೆ. ತಪ್ಪು ಅರ್ಥ ಬರುತ್ತದೆಯೇ ನೋಡಿ ಹೇಳಿ.

ಇನ್ನು ‘ಪರಾವಲಂಬಿ’. ಇದು ಶಾಲೆಯಿಂದ ಎಲ್ಲರಿಗೂ ಗೊತ್ತು, ಇರಲಿ. ‘ಪರೋಪಜೀವಿ’ ಇದಕ್ಕಿಂತ ನಿಖರ, ಆದರೆ ಓದಿ ಹೇಳುವಾಗ ಕಿವಿಗೆ ‘ಪರೋಪಕಾರಿ’ ಅಂತ ಬೀಳುತ್ತದೆ. ಸುಮ್ನೆ ‘ಹುಳ’ ಅಂದರೆ? ಹಳ್ಳಿಯಲ್ಲಿ ಹುಳ ಅಂದರೆ ಹೊಟ್ಟೆಯ ಜಂತೂ ಹೌದು, ಕಾಳಿನ ಹುಳವೂ ಹೌದು, ಕತ್ತಲಾದ ಮೇಲೆ ಹಾವೂ ಹೌದು. ಒಂದೇ ಕೋಶದ ಮಲೇರಿಯಾ ಜೀವಿ ಮಾತ್ರ ಯಾವ ಲೆಕ್ಕಕ್ಕೂ ಹುಳ ಅಲ್ಲ. ದಾವಣಗೆರೆಯ ಗೆಳೆಯರೊಬ್ಬರು ‘ಬದನಿಕೆ’ಯನ್ನೇ ಎಲ್ಲ ಪರಾವಲಂಬಿಗಳಿಗೂ ಹೆಸರಾಗಿಸಿ ಅನ್ನುತ್ತಾರೆ. ಮಾವು, ಬೇವಿನ ಕೊಂಬೆಯ ಮೇಲಿನ ಬದನಿಕೆ ರೈತರಿಗೆ ಚೆನ್ನಾಗಿ ಗೊತ್ತು, ನಿಜ. ಆದರೆ ಅದಕ್ಕೆ ಸ್ವಂತ ಹಸಿರೆಲೆ ಇದೆ. ಮರದಿಂದ ಮುಖ್ಯವಾಗಿ ನೀರು, ಲವಣ ಎಳೆದುಕೊಂಡು ಅಡುಗೆ ತಾನೇ ಮಾಡಿಕೊಳ್ಳುತ್ತದೆ. ಲಾಡಿಹುಳಕ್ಕೆ ಬಾಯಿಯೂ ಇಲ್ಲ, ಕರುಳೂ ಇಲ್ಲ. ನಾಯಿ ಅರಗಿಸಿದ್ದನ್ನು ಚರ್ಮದಿಂದಲೇ ಹೀರಿಕೊಳ್ಳುತ್ತದೆ. ಎರಡಕ್ಕೂ ಒಂದೇ ಹೆಸರು ನನಗೆ ಒಪ್ಪಿಗೆಯಾಗಲಿಲ್ಲ.

‘ಲಾಡಿಹುಳ’ ಬದಲಾಯಿಸುವ ಮಾತೇ ಇಲ್ಲ. ಲಂಗದ ಲಾಡಿ ಕಂಡವರಿಗೆ ಆ ಹುಳ ಹೇಗಿದೆ ಅಂತ ಬಿಡಿಸಿ ಹೇಳಬೇಕಿಲ್ಲ.

ಕೊನೆಯದಾಗಿ ‘ಉಣ್ಣೆ’. ಕೈಪಿಡಿಯ ಒಂದು ವಾಕ್ಯ ಹೀಗಿದೆ: ‘ಮೈಮೇಲಿನ ಉಣ್ಣೆ ತೆಗೆದು ಔಷಧಿ ಹಚ್ಚಿ.’ ರಕ್ತ ಹೀರುವ ಉಣ್ಣೆಯನ್ನೋ, ಕಂಬಳಿ ನೇಯುವ ಉಣ್ಣೆಯನ್ನೋ? ಕಂಬಳಿಗೆ ಹೆಸರಾದ ಊರಿನಲ್ಲಿ ಎರಡೂ ಅರ್ಥ ಸರಿಯೇ. ಮಲೆನಾಡಿನವರು ‘ಉಣುಗು’ ಅನ್ನುತ್ತಾರೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನ ಮಂಗನ ಕಾಯಿಲೆ ಬೆಳಕಿಗೆ ಬಂದ ಮೇಲೆ ಆ ಪದ ಪತ್ರಿಕೆಗಳಿಗೂ ಬಂತು. ನಮ್ಮ ಬಯಲುಸೀಮೆಯಲ್ಲಿ ಅದು ನಡೆಯುವುದಿಲ್ಲ. ಹುಳಕ್ಕೆ ‘ಉಣ್ಣಿ’, ಕೂದಲಿಗೆ ‘ತುಪ್ಪಟ’ ಅಂತ ಬೇರೆ ಮಾಡಿದರೆ ಸಾಕೇ?

ಹಿರಿಯೂರು, ಮೊಳಕಾಲ್ಮೂರು, ಜಗಳೂರು ಕಡೆಯವರು ಇದ್ದರೆ ದಯವಿಟ್ಟು ಬರೆಯಿರಿ: ಕುರಿ ಸುತ್ತು ಹಾಕುವ ಈ ರೋಗಕ್ಕೆ ನಿಮ್ಮ ಹಟ್ಟಿಯಲ್ಲಿ ಏನನ್ನುತ್ತಾರೆ? ಹೆಸರಿನ ಜೊತೆ, ಅದು ನಾಯಿಯಿಂದ ಬರುತ್ತದೆ ಅನ್ನುವ ಮಾತು ಹಿರಿಯರ ಬಾಯಲ್ಲಿ ಕೇಳಿದ್ದರೆ ಅದನ್ನೂ ಸೇರಿಸಿ. ಇದ್ದ ಪದ ಸಿಕ್ಕರೆ ನಾವು ಕಟ್ಟಿದ್ದನ್ನು ಬಿಟ್ಟು ಅದನ್ನೇ ಅಚ್ಚು ಹಾಕುತ್ತೇವೆ.