ಪದಚರ್ಚೆ: ಮರದ ಕಾಲು ಸೊಟ್ಟವೋ, ನುಲಿದದ್ದೋ?

ಎಲ್ಲರಿಗೂ ನಮಸ್ಕಾರ.

ಮೀನಿನ ತೊಟ್ಟಿ ಇಡಲು ನಾನೇ ಮಾಡಿದ ಮರದ ಸ್ಟ್ಯಾಂಡಿನಲ್ಲಿ ಒಂದು ಕಾಲು ಕೆಟ್ಟಿದೆ. ‘ಕಾಲು ಸೊಟ್ಟ ಆಗಿದೆ, ಏನು ಮಾಡಲಿ?’ ಎಂದು ಗೆಳೆಯರೊಬ್ಬರಿಗೆ ಬರೆದೆ. ‘ಬಾಗಿದ ಕಡೆ ಅಡ್ಡಪಟ್ಟಿ ಕೊಟ್ಟು ಎಳೆದು ಬಿಗಿಯಿರಿ’ ಎಂದರು. ಬಾಗಿದ ಕಾಲಿಗೆ ಅದು ಸರಿಯಾದ ಮಾತೇ. ಆದರೆ ನನ್ನದು ಬಾಗಿಲ್ಲ. ‘ತಿರುಚಿದೆ’ ಎಂದು ತಿದ್ದಿ ಬರೆದರೆ, ‘ಯಾರು ತಿರುಚಿದ್ದು?’ ಎಂದು ಕೇಳಿದರು.

ಅವರು ಕೇಳಿದ್ದರಲ್ಲಿ ತಪ್ಪೇನಿಲ್ಲ. ಕೈ ತಿರುಚುತ್ತಾರೆ, ಮಾತು ತಿರುಚುತ್ತಾರೆ. ತಿರುಚುವುದಕ್ಕೆ ಒಬ್ಬರು ಬೇಕು. ‘ತಿರುಚಿಕೊಂಡಿದೆ’ ಅನ್ನಬಹುದು, ಆದರೆ ಕಾಲು ತಿರುಚಿಕೊಂಡಿತು ಎಂದರೆ ಉಳುಕಿದ್ದೇ ಮೊದಲು ನೆನಪಾಗುತ್ತೆ, ಅಲ್ವಾ?

ಆಗಿರುವುದು ಇಷ್ಟು. ನಾರಿನ ಎಳೆ ಸುತ್ತಿಕೊಂಡು ಬೆಳೆದ ಮರ ಒಣಗುವಾಗ ಹಗ್ಗದ ಹಾಗೆ ತಿರುಗುತ್ತದೆ. ಕಾಲನ್ನು ಬಿಚ್ಚಿ ಮಲಗಿಸಿ, ಎರಡೂ ತುದಿಗೆ ಒಂದೊಂದು ನೇರ ಪಟ್ಟಿಯನ್ನು ಅಡ್ಡವಾಗಿಟ್ಟು, ಒಂದು ಕಣ್ಣು ಮುಚ್ಚಿ ನೋಡಿದೆ. ಮುಂದಿನ ಪಟ್ಟಿಯ ಅಂಚಿನ ಮೇಲೆ ಹಿಂದಿನದು ಬಲಗಡೆ ಮಾತ್ರ ಬೆರಳಗಲ ಇಣುಕುತ್ತಿತ್ತು. ಕಾಲಿನ ಅಂಚು ನೂಲು ಹಿಡಿದಷ್ಟು ನೇರ, ಮುಖ ಮಾತ್ರ ತಿರುಗಿದೆ. ಮೇಲಿನ ಅಡ್ಡಪಟ್ಟಿಗೆ ಮುಖ ಕೊಟ್ಟ ಕಾಲು ಕೆಳಗಿನದಕ್ಕೆ ಕೊಡುತ್ತಿರಲಿಲ್ಲ. ಅದನ್ನು ಸ್ಕ್ರೂ ಹಾಕಿ ಬಲವಂತವಾಗಿ ಎಳೆದಿದ್ದೆ. ಇಡೀ ಚೌಕಟ್ಟೇ ವಾರೆಯಾಗಿ ಇನ್ನೊಂದು ಮೂಲೆ ನೆಲ ಬಿಟ್ಟಿತು.

ಇದಕ್ಕೆ ಕೆಳಗೆ ಬೆಣೆ ಕೊಟ್ಟು ಸುಮ್ನೆ ಬಿಡುವ ಹಾಗಿಲ್ಲ. 60 ಲೀಟರ್ ನೀರೆಂದರೆ 60 ಕಿಲೋ, ಗಾಜು, ಕಲ್ಲು ಬೇರೆ. ಗಾಜಿನ ತಳ ಒಂದೇ ಸಮ ಕೂರದಿದ್ದರೆ ಮೂಲೆಯಲ್ಲಿ ಒತ್ತಡ ಜಾಸ್ತಿಯಾಗಿ ಬಿರುಕು ಬಿಡಬಹುದು. ತೊಟ್ಟಿ ಖಾಲಿ ಮಾಡಿ, ಆ ಎರಡು ಪಟ್ಟಿ ಒಂದೇ ಗೆರೆಗೆ ಬರುವ ತನಕ ಎದುರುಬದುರಿನ ಎತ್ತರದ ಮೂಲೆಗಳನ್ನು ಕೀಸಬೇಕು. ಕೀಸಿದರೆ ಕಾಲು ತೀರಾ ತೆಳುವಾಗುತ್ತದೆ ಅನ್ನಿಸಿದರೆ ಬೇರೆ ಕಾಲು ಹಾಕಬೇಕು. ಬಾಗಿದ್ದಕ್ಕೆ ಮಾಡುವ ರಿಪೇರಿಯೇ ಬೇರೆ. ಅದಕ್ಕೇ ನನಗೆ ಪದ ಬೇರೆ ಬೇಕು.

‘ಸೊಟ್ಟ’ದಲ್ಲಿ ಎಲ್ಲಾ ಸೇರಿಹೋಗುತ್ತೆ. ‘ಡೊಂಕು’ ಬಾಗಿದ್ದಕ್ಕೇ ಸರಿ, ನಾಯಿಯ ಬಾಲದ ಹಾಗೆ. ನನಗೆ ಹಿಡಿಸಿರುವುದು ‘ನುಲಿ’. ಹಗ್ಗ ನುಲಿಯುತ್ತೇವೆ, ಹೊಟ್ಟೆ ನುಲಿಯುತ್ತದೆ. ಈ ಎರಡನೆಯದರಲ್ಲಿ ನುಲಿಯುವವರು ಯಾರೂ ಇಲ್ಲ, ತಾನಾಗಿಯೇ ಆಗುತ್ತದೆ. ನನಗೆ ಬೇಕಾದದ್ದು ಅದೇ. 12ನೇ ಶತಮಾನದ ಶರಣ ನುಲಿಯ ಚಂದಯ್ಯನ ಕಾಯಕ ಹಗ್ಗ ಹೊಸೆಯುವುದೇ ಆಗಿತ್ತು. ಅಷ್ಟು ಹಳೆಯ, ಇನ್ನೂ ಬಾಯಲ್ಲಿರುವ ಪದ. ‘ಕಾಲು ನುಲಿದಿದೆ, ನುಲಿ ತೆಗೆಯಬೇಕು’ ಎಂದರೆ ಓದಿದ ತಕ್ಷಣ ಅರ್ಥವಾಗುತ್ತದೆಯೇ? ಅಥವಾ ಹಲಗೆ ಹೀಗಾದಾಗ ಬಡಗಿಗಳ ಬಾಯಲ್ಲಿ ಬೇರೆ ಮಾತಿದೆಯೇ? ಕೇಳಿದವರು ದಯವಿಟ್ಟು ಅವರು ಹೇಳುವ ವಾಕ್ಯವನ್ನೇ ಹಾಗೇ ಬರೆಯಿರಿ.

ಹಾಗೆಯೇ, ಕಣ್ಣಳತೆಗೆ ಇಡುವ ಆ ಜೋಡಿ ಪಟ್ಟಿಗಳನ್ನು ಏನಂತಾರೆ? ಮೂಲೆಮಟ್ಟ, ರಸಮಟ್ಟ ಅಂತೆಲ್ಲ ಇರುವಾಗ ಇದಕ್ಕೂ ಒಂದು ಹೆಸರಿರಬೇಕು.