ತಿಂಗಳ ಸವಾಲು, ಚರ್ಮದ ಕಾರ್ಡ್ ಹೋಲ್ಡರ್: ಹಿಂಬದಿ ಹೊಲಿಗೆ ಅಂಕುಡೊಂಕು, ಅಂಚು ನಾರುನಾರು, ಕಾರ್ಡ್ ಒಳಗೇ ಹೋಗ್ತಿಲ್ಲ

ಹೊಸಹೊಲಿಗೆ

ಈ ತಿಂಗಳ ಸವಾಲಿನ ಕಾರ್ಡ್ ಹೋಲ್ಡರ್ ಮೂರು ಕಡೆ ಕೈಕೊಟ್ಟಿದೆ. ಅಳತೆ ಪೂರ್ತಿ ಕೊಡ್ತೀನಿ, ಎಲ್ಲಿ ತಪ್ಪಿದೆ ನೋಡಿ ಹೇಳಿ.

ಚರ್ಮ ಕಿಲೋ ಲೆಕ್ಕದಲ್ಲಿ ತಂದ ತುಂಡು. ಕಂದು ಬಣ್ಣ, 1.2 ಮಿ.ಮೀ. ದಪ್ಪ. ಮುಂದೆ ಎರಡು ಜೇಬು, ನಡುವೆ ಒಂದು ಹಾಳೆ, ಹಿಂದೆ ಒಂದು ಜೇಬು, ಹೀಗೆ ಒಟ್ಟು ನಾಲ್ಕು ಪದರ. ಅಗಲ 95, ಎತ್ತರ 70 ಮಿ.ಮೀ. ಹೊಲಿಗೆ ಗೆರೆ ಅಂಚಿನಿಂದ 4 ಮಿ.ಮೀ. ಒಳಗೆ. ಪ್ರಿಕಿಂಗ್ ಐರನ್ (ಹೊಲಿಗೆಯ ತೂತು ಹೊಡೆಯುವ ಹಲ್ಲಿನ ಉಳಿ) 3 ಮಿ.ಮೀ. ಅಂತರದ್ದು, ಓರೆ ಹಲ್ಲು. ದಾರ 1 ಮಿ.ಮೀ. ಮೇಣದ ಪಾಲಿಯೆಸ್ಟರ್.

ಮುಂಬದಿ ಹೊಲಿಗೆ ಪರವಾಗಿಲ್ಲ, ಆದರೆ ಓರೆ ಕಾಣೋದಿಲ್ಲ, ಮಣಿ ಪೋಣಿಸಿದ ಹಾಗಿದೆ. ಹಿಂಬದಿ ಗೆರೆ ಕೆಲವು ಕಡೆ 1 ಮಿ.ಮೀ.ನಷ್ಟು ಹೊರಗೆ ಓಡಿದೆ. ಅಂಚನ್ನು ಒದ್ದೆ ಮಾಡಿ ಮರದ ಕಡ್ಡಿಯಿಂದ ಎಷ್ಟು ಉಜ್ಜಿದರೂ ಹೊಳಪು ಬರ್ತಿಲ್ಲ, ನಾರು ಏಳುತ್ತೆ. ಇಷ್ಟರ ಮೇಲೆ ಕಾರ್ಡ್ ಅರ್ಧಕ್ಕೇ ನಿಂತುಬಿಡುತ್ತೆ.

ಸೂಜಿದಾರ

ಕಾರ್ಡಿಂದ ಶುರು ಮಾಡೋಣ, ಅದು ಬರೀ ಲೆಕ್ಕದ ತಪ್ಪು. ಬ್ಯಾಂಕ್ ಕಾರ್ಡಿನ ಅಳತೆ ಎಲ್ಲ ಕಡೆ ಒಂದೇ: 85.6 × 53.98 ಮಿ.ಮೀ. ನಿಮ್ಮ ಅಗಲ 95, ಎರಡೂ ಬದಿ 4 ಮಿ.ಮೀ. ಹೊಲಿಗೆಗೆ ಹೋದರೆ ಉಳಿಯೋದು 87. ಹೆಚ್ಚಿಗೆ ಇರೋದು ಬರೀ 1.4 ಮಿ.ಮೀ. ಕಾರ್ಡಿನ ದಪ್ಪವನ್ನು ಚರ್ಮ ಬಳಸಿಕೊಂಡು ಹೋಗಬೇಕಲ್ಲ, ಬಿಗಿದ ಹೊಲಿಗೆಯೂ ಒಳಗಡೆ ಸ್ವಲ್ಪ ಜಾಗ ತಿನ್ನುತ್ತೆ. ಹಾಗಾಗಿ ಹೊಲಿಗೆ ಗೆರೆಯಿಂದ ಗೆರೆಗೆ 91 ಮಿ.ಮೀ. ಇಟ್ಟುಕೊಳ್ಳಿ. ಗೆರೆ ಅಂಚಿನಿಂದ 3.5 ಮಿ.ಮೀ. ಇದ್ದರೆ ಒಟ್ಟು ಅಗಲ 98. ಒಂದೇ ಜೇಬಿಗೆ ಎರಡು ಕಾರ್ಡ್ ತುರುಕುವವರು 100 ಮಾಡಿ.

ಈಗಾಗಲೇ ಹೊಲಿದಿರೋದನ್ನು ಬಿಚ್ಚಬೇಡಿ. ಅದು ಗಿಡದ ತೊಗಟೆಯಲ್ಲಿ ಹದ ಮಾಡಿದ ಚರ್ಮ ಆಗಿದ್ದರೆ, ಒದ್ದೆ ಸ್ಪಂಜಿನಿಂದ ಜೇಬಿನ ಹೊರಮೈ ತೇವ ಮಾಡಿ. ಅವಧಿ ಮುಗಿದ ಕಾರ್ಡಿಗೆ ತೆಳು ಪ್ಲಾಸ್ಟಿಕ್ ಸುತ್ತಿ ಮೆಲ್ಲಗೆ ಒಳಗೆ ಇಳಿಸಿ, ರಾತ್ರಿಯಿಡೀ ಹಾಗೇ ಒಣಗಲು ಬಿಡಿ. ಒಂದು ಮಿ.ಮೀ.ನಷ್ಟು ಹಿಗ್ಗಿ ಆ ಆಕಾರದಲ್ಲೇ ನಿಲ್ಲುತ್ತೆ. ಬಿಸಿಲಿಗೋ ಹೇರ್ ಡ್ರೈಯರ್‌ಗೋ ಹಿಡಿದರೆ ಚರ್ಮ ಸೆಟೆದುಕೊಳ್ಳುತ್ತೆ.

ಅಂಚುಗಾರ

ಅಂಚಿನ ವಿಚಾರ ಮಾತಾಡುವ ಮುಂಚೆ ಒಂದು ಪರೀಕ್ಷೆ ಆಗಲಿ. ಕಿಲೋ ಲೆಕ್ಕದ ತುಂಡು ಅಂದ ಕೂಡಲೇ ಅದು ಕ್ರೋಮ್ ಹದದ್ದು, ಅಂದರೆ ತೊಗಟೆಯ ಬದಲು ಕ್ರೋಮಿಯಂ ಲವಣದಲ್ಲಿ ಹದ ಮಾಡಿದ್ದು, ಇರಬಹುದು ಅನ್ನೋ ಅನುಮಾನ ಬರುತ್ತೆ. ಹೊಸ ಬ್ಲೇಡಿನಿಂದ ಒಂದು ಮೂಲೆ ಕತ್ತರಿಸಿ ಕೊಯ್ದ ಮುಖ ನೋಡಿ. ನಡುವೆ ನೀಲಿ-ಬೂದು ಛಾಯೆ ಇದ್ದರೆ ಕ್ರೋಮ್. ಮೇಲಿಂದ ಕೆಳಗಿನವರೆಗೆ ಕಂದೇ ಇದ್ದು, ಒಳಮೈಗೆ ಬಿಟ್ಟ ನೀರಿನ ಹನಿ ಬೇಗ ಹೀರಿಕೊಂಡು ಕಪ್ಪಾದರೆ ಬಹುತೇಕ ತೊಗಟೆ ಹದ. ಉಗುರಿನಿಂದ ಅಂಚನ್ನು ಒತ್ತಿ ನೋಡಿ: ತೊಗಟೆ ಹದದ್ದು ಗುರುತು ಉಳಿಸಿಕೊಳ್ಳುತ್ತೆ, ಕ್ರೋಮ್ ರಬ್ಬರಿನ ಹಾಗೆ ವಾಪಸ್ ಬರುತ್ತೆ. ಸುಟ್ಟು ನೋಡುವ ಪರೀಕ್ಷೆಯನ್ನೂ ಕೆಲವರು ಹೇಳ್ತಾರೆ. ಬೇಡ, ಕ್ರೋಮ್ ಚರ್ಮದ ಹೊಗೆ, ಬೂದಿ ಉಸಿರಾಡುವ ವಸ್ತುವಲ್ಲ.

ಕ್ರೋಮ್ ಆಗಿದ್ದರೆ ಉಜ್ಜಿ ಹೊಳಪು ತರುವ ಆಸೆ ಬಿಟ್ಟುಬಿಡಿ. ಆ ನಾರು ನೀರು, ಅಂಟು, ಶಾಖಕ್ಕೆ ಮೆತ್ತಗಾಗಿ ಒಂದಕ್ಕೊಂದು ಕಚ್ಚಿಕೊಳ್ಳೋದಿಲ್ಲ. ಎಜ್ ಪೇಂಟ್ (ಅಂಚಿಗೆ ಬಳಿಯುವ ಬಣ್ಣ) ಒಂದೇ ದಾರಿ, ಇಲ್ಲವೇ ಅಂಚನ್ನು ತೆಳುವಾಗಿ ಕೆತ್ತಿ ಮಡಚಿ ಹೊಲಿಯೋದು. ಪೇಂಟ್ ಒಂದೇ ಸಲ ದಪ್ಪಗೆ ಬಳಿದರೆ ಕೆಲವೇ ದಿನದಲ್ಲಿ ಚಕ್ಕೆ ಏಳುತ್ತೆ. ತೆಳುವಾಗಿ ಮೂರು ಸಲ, ಪ್ರತಿ ಸಲವೂ ಪೂರ್ತಿ ಒಣಗಿಸಿ, ನಡುವೆ 400ರ ಸ್ಯಾಂಡ್ ಪೇಪರ್.

ಹೊಸಹೊಲಿಗೆ

ಕೊಯ್ದು ನೋಡಿದೆ, ಒಳಗೂ ಕಂದು. ನೀರು ತಕ್ಷಣ ಹೀರ್ತು, ಉಗುರಿನ ಗುರುತೂ ಉಳೀತು. ಹಾಗಾದರೆ ನಾರು ಯಾಕೆ ಏಳ್ತಿದೆ?

ಅಂಚುಗಾರ

ಒಳ್ಳೇದಾಯ್ತು. ಹಾಗಾದರೆ ಮೂರು ಕಾರಣ ಇರಬಹುದು.

ಒಂದು, ಅಂಟು. ಪದರ ಅಂಟಿಸುವಾಗ ಹೊರಗೆ ಉಕ್ಕಿದ ರಬ್ಬರ್ ಅಂಟು ಅಂಚಿನ ಮೇಲೆ ಒಣಗಿದ್ದರೆ ಅಲ್ಲಿಗೆ ನೀರೇ ಇಳಿಯೋದಿಲ್ಲ. ಉಜ್ಜಿದಾಗ ಬೂದು ಬಣ್ಣದ ಉಂಡೆ ಏಳ್ತಾ ಇದ್ದರೆ ಇದೇ ಕಾರಣ. 220ರ ಪೇಪರಿನಿಂದ ಬರೀ ಚರ್ಮ ಕಾಣುವವರೆಗೆ ಸವೆಸಿ.

ಎರಡು, ನೀರು ಜಾಸ್ತಿ. ಅಂಚು ತೊಟ್ಟಿಕ್ಕಬಾರದು. ಸ್ಪಂಜನ್ನು ಹಿಂಡಿ ಒಂದು ಸಲ ಎಳೆದರೆ ಸಾಕು. ತೊಯ್ದು ತೊಪ್ಪೆಯಾದ ಚರ್ಮ ಉಜ್ಜಿದರೆ ಅಂಚು ಅಣಬೆಯ ತಲೆಯ ಹಾಗೆ ಎರಡೂ ಕಡೆ ಹರಡುತ್ತೆ.

ಮೂರು, ತುಂಡು ಹೊಟ್ಟೆ ಭಾಗದ್ದಿರಬಹುದು. ಅಲ್ಲಿ ನಾರು ಸಡಿಲ. ಬೆನ್ನಿನ ಭಾಗದ ಅಂಚು ಬೇಗ ಗಾಜಾಗುತ್ತೆ, ಹೊಟ್ಟೆಯದ್ದು ಎರಡು ಮೂರು ಸುತ್ತು ಕೇಳುತ್ತೆ. ಮಡಚಿದಾಗ ಮೇಲ್ಮೈ ಸುಕ್ಕುಸುಕ್ಕಾಗಿ ಗುಳ್ಳೆ ಎದ್ದ ಹಾಗಾದರೆ ಅದು ಹೊಟ್ಟೆ.

ಮಾಡುವ ಕ್ರಮ: ಹೊಲಿಗೆ ಮುಗಿದ ಮೇಲೆ ಹೊಸ ಬ್ಲೇಡಿನಿಂದ ಅರ್ಧ ಮಿ.ಮೀ. ಕತ್ತರಿಸಿ ಎಲ್ಲ ಪದರ ಸಮ ಮಾಡಿ. 220, 400, 600 ಪೇಪರ್, ಮರದ ಚೌಕಕ್ಕೆ ಅಂಟಿಸಿಕೊಂಡೇ ಉಜ್ಜಿ. ಬೆರಳಿನಲ್ಲಿ ಹಿಡಿದು ಉಜ್ಜಿದರೆ ಅಂಚು ಅಲೆ ಆಗುತ್ತೆ. ಆಮೇಲೆ ಎರಡೂ ಕಡೆ ಚೂಪು ಮೂಲೆಯನ್ನು ಬೆವೆಲರ್‌ನಿಂದ ತೆಗೀರಿ. ಇಷ್ಟು ತೆಳು ಕೆಲಸಕ್ಕೆ ಅತಿ ಸಣ್ಣ ನಂಬರಿನದು ಸಾಕು, ಇಲ್ಲದಿದ್ದರೆ 400ರ ಪೇಪರನ್ನೇ 45 ಡಿಗ್ರಿಗೆ ಹಿಡಿದು ಎರಡು ಸಲ ಎಳೆಯಿರಿ. ಮೂಲೆ ತೆಗೆಯದೆ ಉಜ್ಜುವುದೇ ಅಣಬೆ ಅಂಚಿಗೆ ಮುಖ್ಯ ಕಾರಣ. ಬಣ್ಣ ಹಚ್ಚುವುದಿದ್ದರೆ ಈಗ ಹಚ್ಚಿ.

ಆಮೇಲೆ ತೆಳುವಾಗಿ ಟ್ರಾಗಕಾಂತ್ ಅಂಟು, ಅಥವಾ ಟೋಕೋನೋಲೆ ಥರದ ರೆಡಿ ಪೇಸ್ಟ್. ಗ್ರಂದಿಗೆ ಅಂಗಡಿಯಲ್ಲಿ ಗೋಂದ್ ಕತೀರ ಅಂತ ಸಿಗೋದನ್ನು ನೆನೆಸಿ ಬಳಸುವವರಿದ್ದಾರೆ. ಆ ಹೆಸರಿನಲ್ಲಿ ಬರೋದೆಲ್ಲ ಒಂದೇ ಮರದ ಅಂಟಲ್ಲ, ಮೊದಲು ಬೇಡದ ತುಂಡಿನ ಮೇಲೆ ನೋಡಿ. 5 ಸೆಂ.ಮೀ. ಉದ್ದ ಹಚ್ಚಿ, ಅಷ್ಟನ್ನೇ ಮೊದಲು ಮರದ ಕಡ್ಡಿ, ಆಮೇಲೆ ದಪ್ಪ ಹತ್ತಿ ಬಟ್ಟೆಯಿಂದ ಉಜ್ಜಿ. ಮೊದಲು ಕಡ್ಡಿ ತಡೆದು ತಡೆದು ಹೋಗುತ್ತೆ, ಸ್ವಲ್ಪ ಹೊತ್ತಿಗೆ ಜಾರಲು ಶುರುವಾಗುತ್ತೆ. ಆ ಬದಲಾವಣೆ ಕೈಗೆ ಗೊತ್ತಾಗುತ್ತೆ, ಅಲ್ಲಿಗೆ ನಿಲ್ಲಿಸಿ. ಕೊನೆಗೆ ಜೇನುಮೇಣ ಸವರಿ ಬಟ್ಟೆಯಿಂದ ಬಿಸಿಯಾಗುವಷ್ಟು ತಿಕ್ಕಿ. ಮೇಣವನ್ನು ಮೊದಲೇ ಹಚ್ಚಿದರೆ ಮುಂದೆ ಬಣ್ಣವೂ ಹಿಡಿಯೋದಿಲ್ಲ, ಅಂಟೂ ಹಿಡಿಯೋದಿಲ್ಲ.

ಸೂಜಿದಾರ

ಹೊಲಿಗೆಗೆ ಬರ್ತೀನಿ. ಹಿಂಬದಿ ಡೊಂಕಾದರೆ ಎಲ್ಲರೂ ಸೂಜಿಯನ್ನು ಬೈತಾರೆ. ಇಲ್ಲಿ ತಪ್ಪು ಸೂಜಿ ಹಿಡಿಯುವ ಮುಂಚೆಯೇ ಆಗಿದೆ.

1.2ರ ನಾಲ್ಕು ಪದರ ಅಂದರೆ 4.8 ಮಿ.ಮೀ. ಐರನ್ 10 ಡಿಗ್ರಿ ವಾಲಿದರೂ ಹಿಂಬದಿಯಲ್ಲಿ ತೂತು 0.8 ಮಿ.ಮೀ.ಗೂ ಹೆಚ್ಚು ಸರಿದಿರುತ್ತೆ. ನೀವು ಹೇಳಿದ 1 ಮಿ.ಮೀ. ಬಂದಿರೋದು ಅಲ್ಲಿಂದಲೇ. ಹತ್ತು ಡಿಗ್ರಿ ವಾಲಿದ್ದು ಮೇಲಿಂದ ನೋಡಿದರೆ ಕಣ್ಣಿಗೆ ಗೊತ್ತೇ ಆಗೋದಿಲ್ಲ. ಐರನ್ನಿನ ಪಕ್ಕಕ್ಕೆ ಒಂದು ಬೆಂಕಿಪೊಟ್ಟಣ ನೆಟ್ಟಗೆ ನಿಲ್ಲಿಸಿಕೊಂಡು, ತಲೆ ಬಗ್ಗಿಸಿ ಪಕ್ಕದಿಂದ ನೋಡಿ ಹೊಡೆಯಿರಿ. ಕೆಳಗೆ ಮೆತ್ತನೆ ರಬ್ಬರ್ ಹಾಳೆ ಇದ್ದರೆ ಐರನ್ ಒಂದು ಕಡೆ ಕುಸಿಯುತ್ತೆ. ಗಟ್ಟಿ ಪ್ಲಾಸ್ಟಿಕ್ ಕಟಿಂಗ್ ಬೋರ್ಡ್ ಇಡಿ, ಅದನ್ನೂ ಮೇಜಿನ ಕಾಲಿನ ನೇರಕ್ಕೆ. ಕಬ್ಬಿಣದ ಸುತ್ತಿಗೆ ಬೇಡ, ಮರದ ಕೊಡತಿ ಸಾಕು. ಹಲ್ಲು ಸಿಕ್ಕಿಹಾಕಿಕೊಳ್ಳುತ್ತಿದ್ದರೆ ಹೊಡೆಯುವ ಮೊದಲು ಜೇನುಮೇಣಕ್ಕೆ ಚುಚ್ಚಿ ತೆಗೀರಿ. ಅಲ್ಲಾಡಿಸಿ ಕಿತ್ತರೆ ತೂತು ಅಗಲ ಆಗುತ್ತೆ.

ಆದರೆ ನಿಜವಾದ ಪರಿಹಾರ ದಪ್ಪ ಇಳಿಸೋದು. ಜೇಬಿಗೆ 0.8, ನಡುವಿನ ಹಾಳೆಗೆ 1 ಮಿ.ಮೀ. ತಗೊಳ್ಳಿ, ಮುಂದಿನ ಎರಡು ಜೇಬಿನಲ್ಲಿ ಮೇಲಿನದನ್ನು ಇಂಗ್ಲಿಷ್ ‘ಟಿ’ ಅಕ್ಷರದ ಆಕಾರಕ್ಕೆ ಕತ್ತರಿಸಿ. ಬಾಯಿಯ ಹತ್ತಿರ 14 ಮಿ.ಮೀ. ಎತ್ತರದ ತೋಳು ಮಾತ್ರ ಅಂಚಿನವರೆಗೆ ಹೋಗಬೇಕು. ಅದರ ಕೆಳಗೆ ಎರಡೂ ಬದಿ ಹೊಲಿಗೆ ಗೆರೆಗಿಂತ ಒಳಗೆ, ಅಂಚಿನಿಂದ 4.5 ಮಿ.ಮೀ. ಕತ್ತರಿಸಿಬಿಡಿ. ಕೆಳತುದಿಯನ್ನೂ ಕೆಳ ಅಂಚಿನವರೆಗೆ ಬಿಡದೆ ಮೊಟಕು ಮಾಡಿ, ನಡುವಿನ ಹಾಳೆಗೆ ಒಂದು ಅಡ್ಡ ಹೊಲಿಗೆ ಹಾಕಿ. ಇಲ್ಲದಿದ್ದರೆ ಕಾರ್ಡ್ ಕೆಳಗೆ ಜಾರಿ ಮಾಯ. ಈಗ ತೋಳು ಮುಗಿಯುವ ಜಾಗದಲ್ಲೇ ಮುಂದಿನ ಜೇಬು ಶುರುವಾಗುತ್ತೆ. ಅಂಚಿನುದ್ದಕ್ಕೂ ಮೂರೇ ಪದರ, 2.6 ಮಿ.ಮೀ. ಅದೇ 10 ಡಿಗ್ರಿ ತಪ್ಪು ಇಲ್ಲಿ ಅರ್ಧ ಮಿ.ಮೀ.ಗಿಂತ ಕಡಿಮೆ ಕಾಣುತ್ತೆ.

1.2ರ ಚರ್ಮವೇ ಇದೆ ಅಂದರೆ ಅಂಚಿನ 10 ಮಿ.ಮೀ. ಪಟ್ಟಿಯನ್ನು ಒಳಮೈ ಕಡೆಯಿಂದ ಕೆತ್ತಿ 0.6ಕ್ಕೆ ತನ್ನಿ. ಬ್ಲೇಡ್ ಮೊಂಡಾಗಿದ್ದರೆ ಚರ್ಮ ಕೆತ್ತೋದಿಲ್ಲ, ಹಿಗ್ಗುತ್ತೆ.

ಎರಡನೇತೂತು

ಇನ್ನೊಂದು ದಾರಿ, ಪ್ರತಿ ಪದರಕ್ಕೂ ಬೇರೆ ಬೇರೆ ತೂತು ಹಾಕಿ ಆಮೇಲೆ ಜೋಡಿಸೋದು. ಎಚ್ಚರ ಇರಲಿ: ಓರೆ ಹಲ್ಲಿನ ಐರನ್ನಿನಿಂದ ಮುಂದಿನ ಪದರಕ್ಕೂ ಹಿಂದಿನ ಪದರಕ್ಕೂ ಹೊರಮೈಯಿಂದಲೇ ಹೊಡೆದರೆ, ಬೆನ್ನಿಗೆ ಬೆನ್ನು ಜೋಡಿಸಿದಾಗ ಎರಡು ತೂತು ಕತ್ತರಿಯ ಹಾಗೆ ಅಡ್ಡ ಬರುತ್ತವೆ. ಹಿಂದಿನ ಪದರಕ್ಕೆ ಒಳಮೈಯಿಂದ ಹೊಡೆಯಿರಿ, ಇಲ್ಲವೇ ಉಲ್ಟಾ ಓರೆಯ ಐರನ್ ಇದ್ದರೆ ಹೊರಮೈಯಿಂದ.

ತೂತಿನ ಲೆಕ್ಕವನ್ನು ಜೇಬಿನ ಬಾಯಿಯಿಂದ ಶುರು ಮಾಡಿ. ಬಾಯಿಯ ಅಂಚಿನ ಮೇಲೇ ತೂತು ಬಿದ್ದರೆ ಅಲ್ಲೇ ಹರಿಯುತ್ತೆ. ಬಾಯಿಯ ಆಚೆ ಒಂದು, ಈಚೆ ಒಂದು ತೂತು ಬರಬೇಕು, ಆ ಹೊಲಿಗೆ ಎರಡು ಸುತ್ತು. ಕೆಳಗಡೆ ಮೂಲೆಯಿಂದ ಮೂಲೆಗೆ 91 ಮಿ.ಮೀ. ಇದ್ದರೆ 3ರ ಐರನ್ನಿಗೆ 30 ಹೊಲಿಗೆ ಆಗಿ 1 ಮಿ.ಮೀ. ಉಳಿಯುತ್ತೆ. ಅದನ್ನು ಕೊನೆಯ ಒಂದೇ ಹೊಲಿಗೆಗೆ ತುಂಬಿದರೆ ಎದ್ದು ಕಾಣುತ್ತೆ. ಎರಡು ಹಲ್ಲಿನ ಐರನ್ ತಗೊಂಡು ಕೊನೆಯ ಐದು ಹೊಲಿಗೆಗೆ 0.2ರಂತೆ ಹಂಚಿ, ಯಾರ ಕಣ್ಣಿಗೂ ಬೀಳೋದಿಲ್ಲ.

ಸೂಜಿದಾರ

ಮಣಿ ಪೋಣಿಸಿದ ಹಾಗೆ ಕಾಣೋದಕ್ಕೆ ದಾರವೇ ಕಾರಣ. 3 ಮಿ.ಮೀ. ಅಂತರಕ್ಕೆ 1 ಮಿ.ಮೀ. ದಾರ ಅಂದರೆ ಸಣ್ಣ ಗುಂಡಿಗೆ ಹಗ್ಗ ಪೋಣಿಸಿದ ಹಾಗೆ. ಓರೆ ಮಲಗಲು ಜಾಗವೇ ಇಲ್ಲ. 0.45ರಿಂದ 0.55 ಮಿ.ಮೀ. ದಾರ ತಗೊಳ್ಳಿ. 4 ಮಿ.ಮೀ. ಐರನ್ ಇದ್ದರೆ 0.6ರಿಂದ 0.8 ನಡೆಯುತ್ತೆ. ಉದ್ದ ಹೊಲಿಗೆ ಗೆರೆಯ ನಾಲ್ಕು ಪಟ್ಟು, ಜೊತೆಗೆ ದಾರದ ಎರಡು ತುದಿಯ ಎರಡು ಸೂಜಿಗೆ ಪೋಣಿಸುವಷ್ಟು. ಈ ಅಳತೆಗೆ ಸುಮಾರು 1.1 ಮೀಟರ್. ಸೂಜಿ ಮೊಂಡು ತುದಿಯದೇ ಆಗಬೇಕು.

ಇನ್ನು ಹಿಂಬದಿ ಓರೆ. ಒಂದೇ ತೂತಿನಲ್ಲಿ ಎರಡು ದಾರ ಹೋಗುತ್ತೆ, ಯಾವುದು ಮೊದಲು, ಯಾವುದು ಮೇಲೆ ಅನ್ನೋದು ಮೊದಲ ತೂತಿನಿಂದ ಕೊನೆಯವರೆಗೆ ಬದಲಾಗಬಾರದು. ಎಡ ಸೂಜಿ ಮೊದಲು ಹಾಕಿ ಎಳೆದಿರಿ ಅಂದುಕೊಳ್ಳಿ. ಆ ದಾರವನ್ನು ತೂತಿನ ಒಂದು ತುದಿಗೆ ಒತ್ತಿ ಹಿಡಿದು, ಬಲ ಸೂಜಿಯನ್ನು ಇನ್ನೊಂದು ತುದಿಯಿಂದ ತೂರಿಸಿ. ತೂರಿಸುವಾಗ ಮೊದಲ ದಾರವನ್ನು ಹಿಂದಕ್ಕೂ ಮುಂದಕ್ಕೂ ಒಮ್ಮೆ ಎಳೆದು ನೋಡಿ. ಸಿಕ್ಕಿಕೊಂಡರೆ ಸೂಜಿ ದಾರವನ್ನೇ ಚುಚ್ಚಿದೆ, ವಾಪಸ್ ತೆಗೀರಿ. ಈಗ ಹಿಂಬದಿಗೆ ಬಂದ ಬಲ ಸೂಜಿಯ ತುದಿಯ ಮೇಲೆ ಮೊದಲ ದಾರವನ್ನು ಒಂದು ಸುತ್ತು ಹಾಯಿಸಿ, ಆಮೇಲೆ ಎರಡೂ ಕೈಯಿಂದ ಒಂದೇ ಬಲದಲ್ಲಿ ಎಳೆಯಿರಿ. ಹಿಂಬದಿಗೆ ಓರೆ ತರೋದು ಆ ಒಂದು ಸುತ್ತು.

ನಿಮ್ಮ ಐರನ್ನಿನ ಓರೆಗೆ ಯಾವ ಕ್ರಮ ಹೊಂದುತ್ತೆ ಅಂತ ಬಾಯಿಮಾತಿನಲ್ಲಿ ಹೇಳೋದಕ್ಕಿಂತ ಪಟ್ಟಿಯ ಮೇಲೆ ನೋಡೋದು ವಾಸಿ. ಬೇಡದ ಚರ್ಮದಲ್ಲಿ ಹತ್ತು ಹತ್ತು ತೂತಿನ ನಾಲ್ಕು ಸಾಲು: ಎಡ ಮೊದಲು, ಬಲ ಮೊದಲು, ಪ್ರತಿಯೊಂದರಲ್ಲೂ ಎರಡನೇ ಸೂಜಿ ಮೇಲ್ತುದಿಗೆ, ಕೆಳತುದಿಗೆ. ಎರಡು ಬಣ್ಣದ ದಾರ ಗಂಟು ಹಾಕಿ ಬಳಸಿದರೆ ಯಾವುದು ಎಲ್ಲಿ ಮಲಗಿದೆ ಅನ್ನೋದು ನಿಚ್ಚಳ. ಚೆನ್ನಾಗಿ ಬಂದ ಸಾಲಿನ ಪಕ್ಕ ಪೆನ್ನಿನಲ್ಲಿ ಕ್ರಮ ಬರೆದಿಟ್ಟುಕೊಳ್ಳಿ.

ಮುಗಿಸುವಾಗ ಎರಡು ತೂತು ಹಿಂದಕ್ಕೆ ಹೊಲಿದು, 2 ಮಿ.ಮೀ. ಬಿಟ್ಟು ಕತ್ತರಿಸಿ ಲೈಟರ್ ತೋರಿಸಿ ಒತ್ತಿ. ಇದು ಪಾಲಿಯೆಸ್ಟರಿಗೆ ಮಾತ್ರ. ಲಿನನ್ ಕರಗೋದಿಲ್ಲ, ಉರಿಯುತ್ತೆ, ಅದಕ್ಕೆ ಒಂದು ಹನಿ ಅಂಟು.

ಕೊಡತಿ

ನಡುವೆ ಒಂದು ಪ್ರಶ್ನೆ. ಅದೇ ಸವಾಲು, ತೊಗಟೆ ಹದದ ತಿಳಿ ಬಣ್ಣದ ಚರ್ಮ. ಒದ್ದೆ ಮಾಡಿ ಕ್ಲಿಪ್ ಹಾಕಿದ ಕಡೆ ನೀಲಿ-ಕಪ್ಪು ಕಲೆ ಆಗಿದೆ. ಬೂಷ್ಟೇ?

ಅಂಚುಗಾರ

ಬೂಷ್ಟಲ್ಲ, ಕಬ್ಬಿಣ. ತಂಗಡಿ ತೊಗಟೆ, ಅಳಲೆಕಾಯಿ, ಜಾಲಿ ತೊಗಟೆ, ಯಾವುದರಲ್ಲಿ ಹದ ಮಾಡಿದರೂ ಚರ್ಮದಲ್ಲಿ ಟ್ಯಾನಿನ್ ಅನ್ನೋ ಒಗರು ಅಂಶ ಇರುತ್ತೆ. ಒದ್ದೆಯಲ್ಲಿ ಕಬ್ಬಿಣ ತಾಗಿದರೆ ಕಪ್ಪು ಖಂಡಿತ. ಅಳಲೆಕಾಯಿಗೆ ಅನ್ನಭೇದಿ (ಕಬ್ಬಿಣದ ಲವಣ) ಹಾಕಿ ಹಿಂದೆ ಶಾಯಿ ಮಾಡುತ್ತಿದ್ದದ್ದೂ ಇದೇ ಸೂತ್ರ. ನಿಮ್ಮ ಕ್ಲಿಪ್ ಪುಕ್ಕಟೆ ಶಾಯಿ ಮಾಡಿಕೊಟ್ಟಿದೆ ಅಷ್ಟೇ.

ಕಲೆ ಹೊಸದಿದ್ದರೆ ನಿಂಬೆರಸಕ್ಕೆ ಅಷ್ಟೇ ನೀರು ಸೇರಿಸಿ, ಹತ್ತಿ ಕಡ್ಡಿಯಿಂದ ಕಲೆಯ ಮೇಲೆ ಮಾತ್ರ ಒತ್ತಿ. ಒಂದು ನಿಮಿಷಕ್ಕೆ ಮಸುಕಾಗುತ್ತೆ. ಆಮೇಲೆ ಒದ್ದೆ ಬಟ್ಟೆಯಿಂದ ಎರಡು ಸಲ ಒರೆಸಿ. ಹುಳಿ ಅಲ್ಲೇ ಉಳಿದರೆ ಚರ್ಮಕ್ಕೆ ಒಳ್ಳೇದಲ್ಲ. ಸುತ್ತಮುತ್ತ ಬಣ್ಣ ಬೇರೆ ಆಗಿ ಕಂಡರೆ ಇಡೀ ತುಂಡನ್ನು ಒಂದೇ ಸಮ ತೇವ ಮಾಡಿ ಒಣಗಿಸಿ. ಇನ್ನು ಮುಂದೆ ಕ್ಲಿಪ್ಪಿನ ಬಾಯಿಗೆ ಚರ್ಮದ ಚೂರು ಅಂಟಿಸಿಕೊಳ್ಳಿ, ಒದ್ದೆ ಕೆಲಸಕ್ಕೆ ಸ್ಟೇನ್‌ಲೆಸ್ ಅಥವಾ ಪ್ಲಾಸ್ಟಿಕ್ ಸ್ಕೇಲ್. ಬ್ಲೇಡ್ ಮಸೆದ ಪುಡಿ ಮೇಜಿನ ಮೇಲಿದ್ದರೂ ಚುಕ್ಕಿ ಚುಕ್ಕಿಯಾಗಿ ಇದೇ ಕಲೆ ಬರುತ್ತೆ.

ಹೊಸಹೊಲಿಗೆ

ನಾಲ್ಕು ಸಾಲಿನ ಪಟ್ಟಿ ಮಾಡಿದೆ, 0.55 ದಾರ. ಬಲ ಮೊದಲು, ಎರಡನೇದು ಮೇಲ್ತುದಿಗೆ, ಒಂದು ಸುತ್ತು: ಎರಡೂ ಕಡೆ ಓರೆ ಬಂತು. ಎಂಟನೇ ಹೊಲಿಗೆ ಮಾತ್ರ ಹಿಂದೆ ನೆಟ್ಟಗಿದೆ. 98ರ ಅಗಲಕ್ಕೆ ರಟ್ಟಿನಲ್ಲಿ ಕತ್ತರಿಸಿ ನೋಡಿದೆ, ಕಾರ್ಡ್ ಸಲೀಸು. ಅಂಚು ಸವೆಸಿದಾಗ ಬೂದು ಉಂಡೆಯೇ ಬಂತು, ಅಂಟೇ ಕಾರಣ. ಮುಂದೆ ಅಂಟು ಉಕ್ಕದ ಹಾಗೆ ಹೇಗೆ ಹಚ್ಚಲಿ?

ಸೂಜಿದಾರ

ಎಂಟನೇದರಲ್ಲಿ ದಾರ ಹಾಯಿಸೋದು ಮರೆತಿದ್ದೀರಿ, ಬೇರೇನಿಲ್ಲ.

ಅಂಟು ಅಂಚಿನಿಂದ 1 ಮಿ.ಮೀ. ಒಳಗೆ ಶುರುವಾಗಿ 3 ಮಿ.ಮೀ. ಅಗಲದ ಪಟ್ಟಿ ಸಾಕು. ಹಚ್ಚುವ ಜಾಗದ ನುಣುಪು ಮೇಲ್ಮೈಯನ್ನು 220ರಿಂದ ಮೊದಲು ಗೀರಿ, ಇಲ್ಲದಿದ್ದರೆ ಹಿಡಿಯೋದಿಲ್ಲ. ಎರಡೂ ಮುಖಕ್ಕೆ ಹಳೇ ಕಾರ್ಡಿನ ತುಂಡಿನಿಂದ ತೆಳುವಾಗಿ ಎಳೆದು, ಬೆರಳಿಗೆ ಅಂಟದಷ್ಟು ಒಣಗುವವರೆಗೆ ಕಾಯಿರಿ, ಹತ್ತು ಹದಿನೈದು ನಿಮಿಷ. ಹಸಿ ಇರುವಾಗಲೇ ಒತ್ತಿದ್ದರಿಂದ ಉಕ್ಕಿದೆ. ರಬ್ಬರ್ ಅಂಟಾದರೆ ಕಿಟಕಿ ತೆಗೆದಿಡಿ. ಫೋಟೊ ಹಾಕುವಾಗ ಹಿಂಬದಿಯದ್ದೂ ಹಾಕಿ, ಪಕ್ಕದಲ್ಲಿ ಸ್ಕೇಲ್ ಇಟ್ಟು.